ಚಕ್ರಗರ್ಭ ಮೀಮಾಂಸೆ

ಬೈಕಿನ ಚಕ್ರದ ಬೇರಿಂಗು ತಾನಾಗಿ ಸಾಯುವುದು ಅಪರೂಪ. ಅದನ್ನು ಕೊಲ್ಲಲಾಗುತ್ತದೆ, ಅದೂ ಹಿತೈಷಿಗಳ ಕೈಯಿಂದ. ಪ್ರಸ್ತುತ ಪ್ರಬಂಧದ ಸಿದ್ಧಾಂತ ಇಷ್ಟೇ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ವಿದ್ವತ್ಸಭೆ, ಅರ್ಥಾತ್ ಎರಡನೇ ಬೆಣ್ಣೆದೋಸೆಗೆ ಕಾಯುತ್ತ ಕೂತ ಹಿರಿಯರು, ಇದನ್ನು ಸುತರಾಂ ಒಪ್ಪುವುದಿಲ್ಲ. ಅವರ ಪೂರ್ವಪಕ್ಷದಲ್ಲಿ ಆರೋಪಿ ಒಬ್ಬನೇ: ರಸ್ತೆಗುಂಡಿ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ರಸ್ತೆ ಅಗೆದರು, ಬೇರಿಂಗು ಹೋಯಿತು. ವಾದ ಅಚ್ಚುಕಟ್ಟಾಗಿದೆ, ಹಬ್ ಬಿಚ್ಚಿ ನೋಡದವರ ವಾದಗಳೆಲ್ಲ ಹಾಗೇ ಇರುತ್ತವೆ.

ಬಿಚ್ಚುವ ಮೊದಲು ರೋಗಲಕ್ಷಣ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಟೈರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಎಂದರೆ ಅದು ಪ್ರತ್ಯಕ್ಷ ಪ್ರಮಾಣ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂದ ನೈಯಾಯಿಕರು ಬೈಕ್ ಓಡಿಸಿದ್ದರೆ, ಎಲ್ಲಿ ಗುರ್‌ಗುರ್ ಸದ್ದೋ ಅಲ್ಲಿ ಗ್ರೀಸಿನ ಅಭಾವ ಎಂದು ಅನುಮಾನ ಪ್ರಮಾಣವನ್ನೂ ಹೊಂದಿಸಿಕೊಡುತ್ತಿದ್ದರು. ಇನ್ನು ಮರಣೋತ್ತರ ಪರೀಕ್ಷೆ. ಆಕ್ಸಲ್ ಎಳೆದು, ಆಯಿಲ್ ಸೀಲ್ ಎಬ್ಬಿಸಿ, ಒಳಗಿನ ಸ್ಪೇಸರನ್ನು ತುಸು ಪಕ್ಕಕ್ಕೆ ಸರಿಸಿ, ಆಚೆ ಬದಿಯಿಂದ ಸುತ್ತಲೂ ತಟ್ಟುತ್ತ ಬಂದರೆ ಮೃತದೇಹ ಕೈಗೆ ಸಿಗುತ್ತದೆ. ಗುಂಡಿಯೇ ಕೊಂದಿದ್ದರೆ ಗೋಲಿಗಳು ಓಡುವ ಹಾದಿಯಲ್ಲಿ, ಗೋಲಿಗಳ ಅಂತರದಲ್ಲೇ ತಗ್ಗು ಬಿದ್ದಿರಬೇಕು. ಆದರೆ ಒಳಗಿರುವುದು ಕಾವಿ ಬಣ್ಣದ ಗೊಜ್ಜು. ಅದು ಒಂದು ಕಾಲಕ್ಕೆ ಗ್ರೀಸಾಗಿತ್ತು. ವಾಟರ್ ಸರ್ವಿಸಿನಲ್ಲಿ ಪಂಪಿನ ಮೂತಿಯನ್ನು ನೇರ ಹಬ್ಬಿಗೇ ಹಿಡಿದಾಗ, ಧೂಳು ಮಳೆ ತಡೆಯಲೆಂದು ಇಟ್ಟ ರಬ್ಬರ್ ಸೀಲು ಆ ಒತ್ತಡಕ್ಕೆ ಬಾಗಿ ದಾರಿ ಬಿಡುತ್ತದೆ. ಒಳಗೆ ಬಂದ ನೀರು ಹೊರಹೋಗದಂತೆ ನೋಡಿಕೊಳ್ಳುವುದೂ ಅದೇ ಸೀಲು. ಫಳಫಳ ಹೊಳೆಯುವ ಗಾಡಿಯಿಂದಲೇ ಗುರ್‌ಗುರ್ ಕೇಳುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಕೆಲವು ಬೇರಿಂಗಿನಲ್ಲಿ ತಗ್ಗೂ ಇರುತ್ತದಲ್ಲ ಎಂದು ಪೂರ್ವಪಕ್ಷದವರು ಮೀಸೆ ತಿರುವಬಹುದು. ಇರುತ್ತದೆ. ಆದರೆ ಹೊಸದನ್ನು ಕೂರಿಸುವಾಗ ಒಳಬಳೆಯ ಮೇಲೆ ಸುತ್ತಿಗೆ ಬಿದ್ದರೂ ಪೆಟ್ಟು ಗೋಲಿಗಳ ಮೂಲಕವೇ ಹೊರಬಳೆಗೆ ಹೋಗಿ ಅದೇ ಅಂತರದ ತಗ್ಗು ಮೂಡುತ್ತದೆ. ಆ ಗುರುತು ಹಾದಿಯ ನಡುವೆ ಇರದೆ ಒಂದು ಅಂಚಿಗೆ ಸರಿದಿದ್ದರೆ ಸುತ್ತಿಗೆಯ ಕೈವಾಡವೆಂದೇ ತಿಳಿಯಬೇಕು. ಅಂಥ ಬೇರಿಂಗು ಮೊದಲ ಗುಂಡಿಗೆ ಇಳಿಯುವ ಮುನ್ನವೇ ಗಾಯಾಳು. ಹೊರಬಳೆಯ ಅಳತೆಯ ಸಾಕೆಟ್ ಇಟ್ಟು, ಹೊರಬಳೆಯನ್ನಷ್ಟೇ ನೇರವಾಗಿ ತಟ್ಟಿ ಕೂರಿಸುವುದು ಶಾಸ್ತ್ರ. 1941ರಲ್ಲಿ ಶುರುವಾಗಿ ದಶಕಗಟ್ಟಲೆ ಲೇತು ತಯಾರಿಸಿದ ಮೈಸೂರು ಕಿರ್ಲೋಸ್ಕರ್ ಇದ್ದದ್ದು ಪಕ್ಕದ ಹರಿಹರದಲ್ಲೇ. ಲೇತಿನ ಸ್ಪಿಂಡಲ್ಲಿಗೆ ಬೇರಿಂಗು ಕೂರಿಸುವ ಆ ಶಿಸ್ತು ಹೆದ್ದಾರಿ ಹಿಡಿದು ದಾವಣಗೆರೆ ಮುಟ್ಟುವಷ್ಟರಲ್ಲಿ ಸುತ್ತಿಗೆಯಾದದ್ದು ಹೇಗೆಂಬುದು ಪ್ರತ್ಯೇಕ ಪಿಎಚ್.ಡಿ.ಗೆ ಅರ್ಹ.

ತ್ರಿಬಲ್ ರೈಡಿಂಗ್ ವಾದಿಗಳದು ಇನ್ನೊಂದು ಪಂಥ. ಇವರಿಗೆ ಗಣಿತದ ಬೆಂಬಲವಿದೆ: ಬಾಲ್ ಬೇರಿಂಗಿನ ಮೇಲೆ ಭಾರ ಎರಡು ಪಟ್ಟಾದರೆ ಆಯುಸ್ಸು ಎಂಟನೇ ಒಂದಕ್ಕೆ ಇಳಿಯುತ್ತದೆ. ಆದರೆ ಹಿಂದೆ ಕೂತವರ ಭಾರ ಬಹುಪಾಲು ಬೀಳುವುದು ಹಿಂದಿನ ಚಕ್ರದ ಮೇಲೆ. ಒಬ್ಬರೇ ಓಡಿಸುವ ಗಾಡಿಯ ಮುಂದಿನ ಬೇರಿಂಗು ತುಕ್ಕು ಹಿಡಿದು ಹೊರಬಂದರೆ ಈ ಪಂಥ ಮೌನ ತಾಳುತ್ತದೆ.

ಇಲ್ಲೊಂದು ಚಾರಿತ್ರಿಕ ಅನ್ಯಾಯವೂ ದಾಖಲಾಗಲಿ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ 1907ರಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಹೊಸ ಬಗೆಯ ಬಾಲ್ ಬೇರಿಂಗು ರೂಪಿಸಿದ್ದು ಬಟ್ಟೆ ಮಿಲ್ಲಿನ ಕಾಟ ತಾಳಲಾರದೆ. ಜೇಡಿನೆಲ ಜಗ್ಗಿ ಶಾಫ್ಟುಗಳು ಸೊಟ್ಟಗಾಗಿ ಬೇರಿಂಗುಗಳು ಕೈಕೊಡುತ್ತಿದ್ದವು. ಹತ್ತಿ ಮಿಲ್ಲು, ಎರೆನೆಲ ಎರಡೂ ನಮ್ಮ ಸೀಮೆಯಲ್ಲೇ ಇದ್ದವು. ಮಿಲ್ಲುಗಳು ಕೆಲವು ದಶಕ ತಡವಾದವು, ಕೀರ್ತಿ ಸ್ವೀಡನ್ನಿಗೆ ಹೋಯಿತು.

ಉಳಿದದ್ದು ಜೇಬಿನ ಆಕ್ಷೇಪ: ಹೋಗಿರುವುದು ಒಂದೇ ತಾನೆ, ಎರಡೇಕೆ ಹಾಕಿಸಬೇಕು? ಒಂದೇ ಹಬ್ಬಿನಲ್ಲಿ ಕೂತು ಒಂದೇ ನೀರು ಕುಡಿದ ಜೋಡಿಯದು. 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ದೇಗುಲಕ್ಕೆ ಹೋಗಿ ಅರ್ಧ ವಿಗ್ರಹಕ್ಕಷ್ಟೇ ಕೈಮುಗಿದು ಬರುವವರುಂಟೆ? ಆದ್ದರಿಂದ ವಾಚಕ ಮಹಾಶಯರಲ್ಲಿ ವಿನಂತಿ: ಬಳೆಯ ಮೇಲಿನ ಸಂಖ್ಯೆ ಓದಿಕೊಳ್ಳಿ. 6301 ಎಂದಿದ್ದರೆ ಒಳವ್ಯಾಸ 12, ಹೊರವ್ಯಾಸ 37, ದಪ್ಪ 12 ಮಿಲಿಮೀಟರ್. ಅದೇ ಸಂಖ್ಯೆಯ, ಎರಡೂ ಬದಿ ರಬ್ಬರ್ ಸೀಲ್ ಇರುವ ಜೋಡಿ ತನ್ನಿ. ಎರಡನೆಯದನ್ನು ಕೂರಿಸುವ ಮುನ್ನ ಸ್ಪೇಸರ್ ಒಳಗಿದೆಯೇ ನೋಡಿ. ಗಾಡಿ ತೊಳೆಯಲು ಒಂದು ಬಕೆಟ್ಟು, ಒಂದು ಹಳೇ ಬನಿಯನ್ನು ಸಾಕು.