ಎಳನೀರಿನ ಕಂಟಿನ್ಯೂಟಿ

ಸಿನಿಮಾದಲ್ಲಿ ನನ್ನದು ಕಂಟಿನ್ಯೂಟಿ ನೋಡಿಕೊಳ್ಳುವ ಕೆಲಸ ಎಂದಾಗ ನಿಟ್ಟೂರಿನ ನಮ್ಮಜ್ಜಿ, "ಅಂಗಂದ್ರೇನ್ಲಾ?" ಅಂತ ಕೇಳಿತು.

"ಹೀರೋ ಲೋಟ ಯಾವ ಕೈಲಿ ಹಿಡಿದಿದ್ದ, ಅಂಗಿ ಗುಂಡಿ ಎಷ್ಟು ಬಿಚ್ಚಿದ್ದ ಅಂತ ಬರ್ಕೊಳೋದು ಕಣಜ್ಜಿ."

"ಇದ್ಕೂ ಸಂಬ್ಳ ಕೊಡ್ತಾರಾ?"

"ಕೊಡ್ತೀವಿ ಅಂದವ್ರೆ."

ನಾಟಕದಲ್ಲಿ ಈ ರಗಳೆಯಿಲ್ಲ. ಪರದೆ ಎದ್ದರೆ ಕಥೆ ಮೊದಲಿಂದ ಕೊನೆಗೆ ನೆಟ್ಟಗೆ ಹೋಗುತ್ತದೆ. ಸಿನಿಮಾದಲ್ಲಿ ಮದುವೆ ಇವತ್ತು, ಹೆಣ್ಣು ನೋಡುವ ಶಾಸ್ತ್ರ ಮುಂದಿನ ವಾರ. ಪಕ್ಕದ ಗುಬ್ಬಿಯ ವೀರಣ್ಣನವರು 1954ರಲ್ಲಿ ‘ಬೇಡರ ಕಣ್ಣಪ್ಪ’ ನಿರ್ಮಿಸಿದರಲ್ಲ, ಆ ಕಣ್ಣಪ್ಪನೇ ನಮ್ಮ ಕಸುಬಿನ ಮೂಲಪುರುಷ. ಎರಡನೇ ಕಣ್ಣನ್ನೂ ಕಿತ್ತರೆ ದೇವರ ಕಣ್ಣಿನ ಜಾಗ ಕಾಣದೆಂದು ಮೊದಲೇ ಅಲ್ಲಿ ಕಾಲಿಟ್ಟು ಗುರುತು ಮಾಡಿಕೊಂಡವನು! 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನವರು ರಾಜರ ಕಾಲದ ಮೇಜಿನ ಮೇಲೆ ಈ ಕಾಲದ ಕಾಫಿ ಲೋಟ ಮರೆತದ್ದನ್ನು ಕಂಡು ನಾನು ಬಹಳ ಹೀನಾಯವಾಗಿ ನಕ್ಕಿದ್ದೆ.

ನಮ್ಮದು ಕಿರುಚಿತ್ರ. ನಿಟ್ಟೂರಿನ ತೆಂಗಿನ ತೋಟದಲ್ಲಿ ಎರಡು ದಿನದ ಶೂಟಿಂಗ್. ಅಳಿಯ ಬರುತ್ತಾನೆ, ತೋಟದ ಆಳು ಬ್ಯಾಗು ಇಸಿದುಕೊಂಡು ಎಳನೀರು ಕೊಚ್ಚಿ ಕೊಡುತ್ತಾನೆ. ಇಷ್ಟೇ. ಸ್ಟ್ರಾ ಯಾವ ಕಡೆ ವಾಲಿತ್ತು, ವಾಚು ಎಷ್ಟು ತೋರಿಸುತ್ತಿತ್ತು, ಯಾವ ಟೇಕ್ ಓಕೆ, ಯಾವುದು ಎನ್‌ಜಿ, ಎಲ್ಲ ಬರೆದೆ. ಫೋನಿನಲ್ಲಿ ನೂರನಲವತ್ತು ಫೋಟೊ ತೆಗೆದೆ. ಟೇಕಿಗೊಂದು ಹೊಸ ಎಳನೀರು. ಎಂಟನೆಯ ಟೇಕಿಗೆ ಹೀರೋ ಬೇಲಿ ಹಿಂದಕ್ಕೆ ಓಡಿದ.

ಆಳಿನ ಪಾತ್ರದವನು ಮಾತ್ರ ಮಧ್ಯಾಹ್ನವಾದರೂ ಪತ್ತೆಯಿಲ್ಲ. ಅಲ್ಲೀವರೆಗೆ ಹೀರೋನ ಕ್ಲೋಸಪ್ಪುಗಳಲ್ಲೇ ಕಾಲ ತಳ್ಳಿದ್ದ ಡೈರೆಕ್ಟರು, "ನೀನು ಇದೇ ಊರೋನಲ್ವೇನಯ್ಯ? ಹಿಡಿ ಮಚ್ಚು" ಅಂದರು.

ತೆಂಗಿನ ಸೀಮೆಯಲ್ಲಿ ಹುಟ್ಟಿದವನು ಎಳನೀರು ಕೊಚ್ಚೋಕೆ ಬರಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಹಿಡಿದೆ. ಮೊದಲ ಏಟಿಗೆ ಕಾಯಿ ಜಾರಿತು. ಎರಡನೆಯದಕ್ಕೆ ಮಟ್ಟೆ ಚೂರು ಹಾರಿ ಕ್ಯಾಮೆರಾಮನ್ ತಲೆ ಬಗ್ಗಿಸಿದ. ಮೂರನೆಯದು ಎಡಗೈ ತೋರುಬೆರಳಿಗೆ ಬಿತ್ತು. ನನ್ನ "ಅಯ್ಯಯ್ಯಪ್ಪೋ" ಭಾಳ ಸಹಜವಾಗಿದೆ ಅಂತ ಡೈರೆಕ್ಟರು ಆ ಟೇಕೇ ಓಕೆ ಮಾಡಿದರು.

ಅಳಿಯ ಬರುವ ಶಾಟು ಮಾರನೆಯ ದಿನ ಬೆಳಿಗ್ಗೆ. ನನ್ನ ಶೀಟಿನಲ್ಲಿ ಹೀಗಿದೆ: "ಅಳಿಯ: ಬಲಗೈಲಿ ಬ್ಯಾಗು, ಎಡಗೈಲಿ ವಾಚು, ಮೇಲಿನ ಗುಂಡಿ ಒಂದು ಬಿಚ್ಚಿದೆ, ಎಡ ಚಪ್ಪಲಿಗೆ ಕೆಮ್ಮಣ್ಣು. ಆಳು: ಮಾಮೂಲು."

ನೂರನಲವತ್ತು ಫೋಟೊದಲ್ಲಿ ಆ ಆಳಿನದು ಒಂದೂ ಇಲ್ಲ. ಫೋನು ಅವನ ಕೈಯಲ್ಲೇ ಇತ್ತಲ್ಲ.

ನಾಲ್ಕು ತಿಂಗಳಾದ ಮೇಲೆ ಫೋನನ್ನು ಚೊಂಬಿಗೆ ಒರಗಿಸಿ ಮನೆಮಂದಿಗೆಲ್ಲ ಚಿತ್ರ ತೋರಿಸಿದೆ. ಅಳಿಯ ಬಂದ. ಬೆರಳಿಗೆ ಸೌತೆಕಾಯಿ ಗಾತ್ರದ ಬಿಳಿ ಪಟ್ಟಿ ಸುತ್ತಿಕೊಂಡ ಆಳು ಬ್ಯಾಗು ಇಸಿದುಕೊಂಡ. ಮರುಕ್ಷಣ ಪಟ್ಟಿಯಿಲ್ಲದ ಬೆರಳಲ್ಲಿ ಎಳನೀರು ಹಿಡಿದ. ಕೊಚ್ಚಿದ. ಅಯ್ಯಯ್ಯಪ್ಪೋ.

ಯಾರೂ ಮಾತಾಡಲಿಲ್ಲ. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, "ಕುಯ್ಕಳಕ್ಕೆ ಮುಂಚೇನೇ ಪಟ್ಟಿ ಕಟ್ಕಂಡ್ ಬಂದವ್ನೆ ನೋಡು. ಮಚ್ಚು ಹಿಡಿಯಾಕ್ ಬರಲ್ಲ ಅಂತ ಅವ್ನಿಗೇ ಗೊತ್ತಿತ್ತು, ಬುಡು" ಅಂತು.