ಕಲ್ಲಿನ ಮನೆಗೊಂದು ಎಲಿವೇಷನ್

ಬಾದಾಮಿ ಸೀಮೆಯ ಹಳೆಯ ಒಕ್ಕಲುಮನೆಗಳ ಕಲ್ಲಿನ ಗೋಡೆ ಸಾಮಾನ್ಯವಾಗಿ 2 ಅಡಿಗಿಂತ ದಪ್ಪ. ಒಳಗೊಂದು, ಹೊರಗೊಂದು ಮರಳುಗಲ್ಲಿನ ಸಾಲು; ನಡುವೆ ಮಣ್ಣು, ಕಲ್ಲುಚೂರು. ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಇಂಥ ಮನೆಗೆ ಹೊಸ ಭಾಗ ಸೇರಿಸುವ ಕೆಲಸ ಅಡಿಪಾಯದಿಂದ ಶುರುವಾಗಬೇಕು. ಈಚೆಗೆ ಅದು ಮೊಬೈಲಿಗೆ ಬಂದ ಮುಂಭಾಗದ ಚಿತ್ರದಿಂದ ಶುರುವಾಗುತ್ತದೆ.

ಸಾವ್ಕಾರ: ಕಾಕಾ, ಇಲ್ಲಿ ನೋಡ್ರಿ ಎಲಿವೇಷನ್. ಮುಂದೆಲ್ಲಾ ಗಾಜು, ಮ್ಯಾಲ ಚೌಕಾನ ಡಬ್ಬಿ.

ಗೌಂಡಿ: ಛಲೋ ಐತ್ರಿ. ಮುಖ ಎತ್ತಾಗ?

ಸಾವ್ಕಾರ: ಪಡುವಣಕ್ಕ. ರೋಡಿನ ಮಂದಿಗೆ ಕಾಣಬೇಕಲ್ಲ.

ಗೌಂಡಿ: ಏಪ್ರಿಲ್‌ನಾಗ ನೀವೂ ಕಾಣ್ತೀರಿ, ಗಾಜಿನ ಹಿಂದ ಬೆವರು ಒರಸ್ಕೋತ.

ಅಡಿಪಾಯದ ಕೆಳಗಿನ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಳೆಯ ಗೋಡೆ ಇಳಿಯುವಷ್ಟು ಇಳಿದು ಎಂದೋ ಕೂತಿರುತ್ತದೆ. ಹೊಸದು ಇನ್ನು ಕೂರಬೇಕು. ಎರಡನ್ನೂ ಬಿಗಿದು ಕಟ್ಟಿದರೆ ಸೇರಿದಲ್ಲೇ ಬಿರುಕು ಬಿಡುತ್ತದೆ. ಆದ್ದರಿಂದ ಹೊಸ ಭಾಗಕ್ಕೆ ಅದರದೇ ಅಡಿಪಾಯ ಹಾಕಿ, ನಡುವೆ ಸಂದು ಬಿಡುತ್ತಾರೆ.

ಸಾವ್ಕಾರ: ಸಂದು ಎಲಿವೇಷನ್‌ನಾಗ ಕಾಣ್ತೈತಲ್ಲ?

ಗೌಂಡಿ: ಬಿರುಕು ಇನ್ನೂ ಛಂದ ಕಾಣ್ತೈತ್ರಿ.

ಸಾವ್ಕಾರ: ಹೋಗ್ಲಿ, ಹಳೇ ಗ್ವಾಡಿಗೆಲ್ಲಾ ಸಿಮೆಂಟ್ ಬಡೀರಿ. ಗಟ್ಟಿ ಆಗ್ಲಿ.

ಗೌಂಡಿ: ಪಟ್ಟದಕಲ್ಲಿನ ಗುಡಿಗೆ ಯಾರ್ ಬಡಿದಿದ್ರು?

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ 8ನೇ ಶತಮಾನದ್ದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಹಳೆಯ ಗೋಡೆ ನೆಲದ ತೇವವನ್ನು ಹೀರಿ ಕಲ್ಲುಗಳ ನಡುವಿನ ಸಂದುಗಳ ಮೂಲಕ ಹೊರಗೆ ಬಿಡುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ಆ ತೇವ ಕಲ್ಲಿನೊಳಗಿಂದಲೇ ದಾರಿ ಹುಡುಕುತ್ತದೆ. ಅದರೊಂದಿಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಮರಳುಗಲ್ಲಿನ ಮುಖವನ್ನು ಪದರು ಪದರಾಗಿ ಉದುರಿಸುತ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಸುಣ್ಣದ ಗಾರೆ ಮೆತ್ತಗಿನದು, ತೇವವನ್ನು ತಡೆಯದು.

ಸಾವ್ಕಾರ: ಆತು, ಸುಣ್ಣಾನ ಹಚ್ರಿ. ಆದ್ರ ದನದ ಮನಿ ಎಲಿವೇಷನ್‌ಗೆ ಅಡ್ಡ ಬರ್ತೈತಿ. ಕೆಡವೋಣ.

ಗೌಂಡಿ: ಎಮ್ಮಿ?

ಸಾವ್ಕಾರ: ಹಿಂದ ಕಟ್ಟೂದು.

ಗೌಂಡಿ: ಹಿಂದಿನ ಎಲಿವೇಷನ್?

ಸಾವ್ಕಾರ: ಹಿಂದ ಯಾರ್ ನೋಡ್ತಾರ?

ಗೌಂಡಿ: ಎಮ್ಮಿ ನೋಡ್ತೈತ್ರಿ.

ಸಾವ್ಕಾರ: ಎಮ್ಮಿಗೆ ಎಲಿವೇಷನ್ ಯಾಕ?

ಗೌಂಡಿ: ಅದನ್ನ ಕೇಳಾಕತ್ತೀನಿ. ಹಾಲು ಕೊಡೂ ಎಮ್ಮಿಗೆ ಬ್ಯಾಡಾದ್ದು, ಹಾಲು ಕುಡಿಯೂ ನಿಮಗ ಯಾಕ?

ಸಾವ್ಕಾರ: ಎಮ್ಮಿ ಮಾತು ಬಿಡ್ರಿ. ಮಾಳಿಗಿ ಮ್ಯಾಲ ಒಂದು ಸ್ಲ್ಯಾಬ್ ಹಾಕಿದ್ರ?

10 ಅಡಿಗೆ 12 ಅಡಿಯ ಕೋಣೆಯ ಮೇಲೆ 5 ಇಂಚು ದಪ್ಪದ ಕಾಂಕ್ರೀಟ್ ಸುಮಾರು 3.5 ಟನ್ ತೂಗುತ್ತದೆ. ಮಾಳಿಗೆಯ ತೊಲೆ ಈಗಾಗಲೇ ಮಣ್ಣಿನ ಭಾರ ಹೊತ್ತಿದೆ.

ಗೌಂಡಿ: ಹಾಕೋಣ್ರಿ. ಮಲಗೂದು ಮಾತ್ರ ಹೊರಗ, ಎಮ್ಮಿ ಹತ್ರ.

ಉಳಿದದ್ದು ಹೊರನೋಟ. ಪಾರಂಪರಿಕ ಕಟ್ಟಡಗಳ ಬಗೆಗಿನ 1964ರ ವೆನಿಸ್ ಸನ್ನದಿನ ಪ್ರಕಾರ, ಅನಿವಾರ್ಯವಾಗಿ ಸೇರಿಸಿದ್ದು ಹಳೆಯದರಿಂದ ಬೇರೆಯಾಗಿ, ತನ್ನ ಕಾಲದ ಗುರುತು ಹೊತ್ತು ಕಾಣಬೇಕು. ಗೌಂಡಿಗೆ ಸನ್ನದು ಬೇಕಾಗಿರಲಿಲ್ಲ.

ಸಾವ್ಕಾರ: ಹಂಗಾರ ಹೊಸಾದಕ್ಕ ಕಲ್ಲಿನ ಚಿತ್ರದ ಟೈಲ್ಸ್ ಹಚ್ಚೋಣ. ಎರಡೂ ಒಂದ ಕಾಣ್ತಾವ.

ಗೌಂಡಿ: ಅಜ್ಜನ ಮೀಸಿ ಅಂಟಿಸ್ಕೊಂಡ್ರ ಮೊಮ್ಮಗ ಅಜ್ಜ ಆಗೂದಿಲ್ರಿ. ಹೊಸಾದು ಹೊಸಾದರಂಗ ಇರ್ಲಿ, ಹಳೇದಕ್ಕಿಂತ ತಗ್ಗಾಗಿ, ಹಿತ್ತಲ ಕಡೆ. ನಡುವ ಸಣ್ಣ ಓಣಿ ಬಿಟ್ಟು ಮ್ಯಾಲ ಗಾಜು ಹಾಸ್ತೀನಿ, ನಿಮ್ಮ ಆಸೇನೂ ತೀರ್ತೈತಿ. ಬಚ್ಚಲಾ, ನಳ ಎಲ್ಲಾ ಹೊಸಾದ್ರಾಗ. ಮಣ್ಣಿನ ಗ್ವಾಡಿ ಹಂತ್ಯಾಕ ನೀರು ಸುಳೀಬಾರ್ದು.

ಸಾವ್ಕಾರ: ಒಪ್ಪಿದೆ. ಬರೂ ತಿಂಗಳ ಗೃಹಪ್ರವೇಶ.

ಗೌಂಡಿ: ಸುಣ್ಣ ನೆನ್ಯಾಕ ವಾರಗಟ್ಲೆ ಬೇಕು, ಬಿಗ್ಯಾಕ ಇನ್ನೂ ಹೆಚ್ಚು.

ಸಾವ್ಕಾರ: ಪತ್ರಿಕಾ ಅಚ್ಚಾಗ್ಯಾವ ಕಾಕಾ! ಎಲಿವೇಷನ್ ಚಿತ್ರಾನೂ ಹಾಕ್ಸೀನಿ.

ಗೌಂಡಿ: ಹಂಗಾರ ಹಳೇ ಮನ್ಯಾಗ ಮಾಡ್ರಿ. ಬಂದವ್ರಿಗೆ ಊಟದ ಜೊತಿ ಪತ್ರಿಕಾನೂ ಕೊಡ್ರಿ, ಮನಿ ನೋಡ್ಕೊಂಡು ಹೋಗ್ಲಿ.