ಮಾಳಿಗೆ ಮ್ಯಾಲಿನ ದುಂಬಿ

ಬೇಸಿಗೆ ಬಂತೆಂದರೆ ಕಲಬುರಗಿಯ ಮನೆಗಳಿಗೆ ಇನ್ನೊಂದು ಕೋಣೆ ಕೂಡಿಕೊಳ್ಳುತ್ತದೆ: ಮಾಳಿಗೆ. ಗಾಜಿಪುರದ ನಮ್ಮ ಓಣಿಯಲ್ಲಿ ಹಗಲು ಅದು ಸಂಡಿಗೆ ಒಣಗಿಸುವ ಅಂಗಳ, ರಾತ್ರಿ ಮಲಗುವ ಮನೆ. ಸೂರಿಲ್ಲದ್ದೇ ಅದರ ಸುಖ ಎಂದುಕೊಂಡಿದ್ದೆವು.

ಒಂದು ಸಂಜೆ ಬನಿಯನ್ ಮೇಲೆ, ಲುಂಗಿ ಎತ್ತಿಕಟ್ಟಿ ಗಾದಿ ಝಾಡಿಸುತ್ತಿದ್ದೆ. ನೆತ್ತಿಯ ಮೇಲೆ ಗುಂಯ್ ಎಂದಿತು. ನೋಡಿದರೆ ಡ್ರೋನು! ನನ್ನನ್ನೇ ದಿಟ್ಟಿಸುತ್ತ ನಿಂತಿದೆ. "ಯಾರ್ದಲೇ ಇದು?" ಎಂದು ಗದರಿಸಿದೆ. "ಸಂಡಿಗಿ ಎಣಸ್ಲಾಕ ಬಂದದೇನು?" ಎಂದಳು ನನ್ನಾಕೆ.

ಸಂಕ್ರಾಂತಿಯ ಗಾಳಿಪಟ ಮಾಳಿಗೆಗೆ ಬಿದ್ದರೆ ಪೇಚಿರಲಿಲ್ಲ. ದಾರ ಹಿಡಿದು ಹೊರಟರೆ ಆ ತುದಿಗೆ ಒಬ್ಬ ಹುಡುಗನ ಕಿವಿ ಸಿಕ್ಕೇ ಸಿಗುತ್ತಿತ್ತು. ಡ್ರೋನಿಗೆ ದಾರವೇ ಇಲ್ಲ. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳಲ್ಲಿ ಸರ್ಕಾರ ಒಂದು ದಾರ ಹೊಸೆದಿದೆ, ನೋಂದಣಿ ಸಂಖ್ಯೆ. ಆದರೆ ನನ್ನ ಕಣ್ಣಿಗೆ ಎದುರು ಬಸ್ಸಿನ ಬೋರ್ಡೇ ಕಾಣದು, ಆಕಾಶದ ಸಂಖ್ಯೆ ಓದುವುದು ಹ್ಯಾಗೆ?

ಆ ನಿಯಮಗಳ ಲೆಕ್ಕದಲ್ಲಿ ಡ್ರೋನು ಪಾವ್ ಕಿಲೋ ತೊಗರಿಬೇಳೆಯಷ್ಟು, ಅಂದರೆ 250 ಗ್ರಾಂವರೆಗೆ ತೂಗಿದರೆ ಅದು ನ್ಯಾನೊ. ಹವ್ಯಾಸಕ್ಕಾದರೆ 2 ಕಿಲೋವರೆಗೂ ಪೈಲಟ್ ಸರ್ಟಿಫಿಕೇಟ್ ಬೇಡ. ಹಸಿರು ವಲಯದಲ್ಲಿ 400 ಅಡಿ ಏರಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಯಷ್ಟೇ. 2019ರಲ್ಲಿ ನಮಗೂ ವಿಮಾನ ನಿಲ್ದಾಣ ಬಂದಿದೆಯಾದ್ದರಿಂದ ಅದಿರುವ ಶ್ರೀನಿವಾಸ ಸರಡಗಿಯಿಂದ ನಮ್ಮ ಮಾಳಿಗೆಗೆ ಟೇಪು ಹಿಡಿಯುವುದೊಂದು ಬಾಕಿ. ಜೀವಭಯದ ಮಾತನ್ನು ನಿಯಮ ಮಾಡಿದವರು ಬಲ್ಲರು. ಶರಣಬಸವೇಶ್ವರರ ತೇರಿನಲ್ಲಿ ನೆತ್ತಿಗೆ ಉತ್ತತ್ತಿ ಬಿದ್ದರೆ ಪುಣ್ಯ, 2 ಕಿಲೋ ಯಂತ್ರ ಬಿದ್ದರೆ ದವಾಖಾನೆ. ಆದರೆ ನಾಚಿಕೆಯನ್ನು ಅಡಿ, ಗ್ರಾಂನಲ್ಲಿ ಅಳೆದವರಿಲ್ಲ. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೂತು ಖಾಸಗಿತನ ಮೂಲಭೂತ ಹಕ್ಕು ಎಂದದ್ದು 2017ರ ಆಗಸ್ಟ್ 24ರಂದು. ಆ ಹಕ್ಕು ನನ್ನ ಲುಂಗಿಯವರೆಗೆ ಇಳಿದು ಬರಲು ಇನ್ನೂ ಕೆಲವು ಮೆಟ್ಟಿಲಿವೆ.

ಮೂರನೇ ದಿನ ಹುಡುಗ ಸಿಕ್ಕ, ಹಿಂದಿನ ಓಣಿಯ ಕಾಲೇಜು ಪೋರ. ಬೈಯಬೇಕೆಂದು ಹೋದೆ. ಅವ ಮೊಬೈಲ್ ಮುಂದಿಟ್ಟ. ಸಂಡಿಗೆಯ ಸಾಲು, ಪಕ್ಕದಲ್ಲಿ ನನ್ನ ಬಕ್ಕತಲೆ ಅಪ್ಪನ ಕೆರೆಯ ಹಾಗೆ ಹೊಳೆಯುತ್ತಿದೆ. "ಅಳಸು" ಎಂದೆ. ಅಳಿಸಿದ. ಆಮೇಲೆ ಬಾಯಿ ಸುಮ್ಮನಿರದೆ ಕೇಳಿತು: "ಎದುರುಮನೀದು ಅದ ಏನು?" ಅವ ನಕ್ಕ. ಬೈಗುಳ ಅಲ್ಲಿಗೇ ಮುಗಿಯಿತು.

ಅವನಿಗೆ ಒಂದು ಹಳೇ ಸಂಗತಿ ಹೇಳಿದೆ. ದೂರದರ್ಶನದ ಕಾಲದಲ್ಲಿ ಆಂಟೆನಾ ತಿರುಗಿಸಲು ಹೋಗುವವ ಏಣಿಯ ಬುಡದಲ್ಲೇ "ಮಾಳಿಗಿ ಏರ್ಲತ್ತೀನ್ರೀ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅಕ್ಕಪಕ್ಕದ ಮಾಳಿಗೆಯ ಹೆಂಗಸರು ಸೆರಗು ಸರಿಮಾಡಿಕೊಂಡು ಒಳಗೆ ಸರಿಯುವವರೆಗೆ ಕಾಯುತ್ತಿದ್ದ. ಅದಕ್ಕೆ ಗೆಜೆಟ್ ಇರಲಿಲ್ಲ.

ಈಗ ಸಂಜೆ ಐದೂವರೆಗೆ ಹಿಂದಿನ ಓಣಿಯಿಂದ ಕೂಗು ಬರುತ್ತದೆ: "ಡ್ರೋನ್ ಬಿಡ್ಲತ್ತೀನ್ರೀ ಕಾಕಾ!" ನಾನು ಲುಂಗಿ ಇಳಿಬಿಟ್ಟು, ತಲೆಗೆ ಟವೆಲ್ ಸುತ್ತಿಕೊಳ್ಳುತ್ತೇನೆ.